ನಾಮಿನಿ ತಾಯಿ ಆದ್ರೆ ಹೆಂಡತಿ-ಮಗುವಿಗೆ ಪಾಲಿಲ್ವಾ?

ಪ್ರಶ್ನೆ (ಜಯನಗರ): ಮದುವೆಗೆ ಮುಂಚಿನ ಜೀವ ವಿಮಾ ಪಾಲಿಸಿ, 30 ಲಕ್ಷ. ನಾಮಿನಿ ತಾಯಿ, ಬದಲಾಯಿಸಿಲ್ಲ. ಪಾಲಿಸಿದಾರ ತೀರಿಕೊಂಡಿದ್ದಾರೆ, ವಿಲ್ ಇಲ್ಲ. ಹೆಂಡತಿ ನಾನು, ಒಂದು ಮಗು ಇದೆ. ದುಡ್ಡು ಪೂರ್ತಿ ತಾಯಿಗೇನಾ?

ಉತ್ತರ 1: 2015ರ ತಿದ್ದುಪಡಿ ವಿಮಾ ಕಾಯ್ದೆ ಕಲಂ 39ರಲ್ಲಿ ತಂದೆತಾಯಿ, ಸಂಗಾತಿ, ಮಕ್ಕಳನ್ನು ‘ಫಲಾನುಭವಿ ನಾಮಿನಿ’ (ಅಂದ್ರೆ ದುಡ್ಡು ಬರೀ ಪಡೆಯೋದಲ್ಲ, ತಮ್ಮದೇ ಆಗಿ ಸೇರುವವರು) ಮಾಡಿದ್ದೇ ಗೊಂದಲದ ಮೂಲ. ವಾರಸುದಾರರು ಹಕ್ಕು ಕೇಳಿದ್ರೆ ಉತ್ತರಾಧಿಕಾರ ಕಾನೂನೇ ಮೇಲು ಅಂತ ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿದೆ. ಹಿಂದೂಗಳಾದ್ರೆ ಮೂವರಿಗೂ ತಲಾ 10 ಲಕ್ಷ.

ಉತ್ತರ 2: ಅದು ಸರಿ, ಆದ್ರೆ ಮೊದಲು ದುಡ್ಡು ನಿಲ್ಲಿಸಿ ಮೇಡಂ. ನಾಮಿನಿಗೆ ಕೊಟ್ಟ ಮೇಲೆ ಕಂಪನಿ ಕೈತೊಳೆದುಕೊಳ್ಳುತ್ತೆ, ಆಮೇಲೆ ಅತ್ತೆಯ ಹಿಂದೆ ಅಲೀಬೇಕು. ಕ್ಲೇಮ್ ವಿಭಾಗಕ್ಕೆ ಇವತ್ತೇ ಲಿಖಿತ ತಕರಾರು ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬರೀ ಪತ್ರ ನಂಬಬೇಡಿ. ಸಿಟಿ ಸಿವಿಲ್ ಕೋರ್ಟಲ್ಲಿ ದಾವೆ ಹಾಕಿ, ಕಂಪನಿಯನ್ನೂ ಪ್ರತಿವಾದಿ ಮಾಡಿ ತಡೆಯಾಜ್ಞೆ ತನ್ನಿ.