ಹುಳಿಸಿದ ಬೆಣ್ಣೆ ಮದ್ದಾಗುತ್ತಾ? ಡಾಕ್ಟರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮೊರಾಕೊದಲ್ಲಿ ಬೆಣ್ಣೆಗೆ ಉಪ್ಪು ಹಾಕಿ, ಮಡಕೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಹುಳಿಸುತ್ತಾರಂತೆ. ಅದಕ್ಕೆ ಸ್ಮೆನ್ ಅಂತ ಹೆಸರು. ಇಥಿಯೋಪಿಯಾದ ಹಳ್ಳಿಗಳಲ್ಲಿ ಹುಳಿ ಹಾಲು ಕಡೆದು ತೆಗೆದ ಬೆಣ್ಣೆಯನ್ನು ತಲೆಗೆ ಹಚ್ಚುತ್ತಾರೆ, ಹಸುಗೂಸಿಗೂ ನೆಕ್ಕಿಸುತ್ತಾರೆ ಅಂತ ಓದಿದೆ. ಇಂಥ ಬೆಣ್ಣೆ ಒಡೆದ ಚರ್ಮ, ಸುಟ್ಟ ಗಾಯ, ಹೊಟ್ಟೆ ಎಲ್ಲಕ್ಕೂ ಒಳ್ಳೆಯದಾ?

ಡಾಕ್ಟರ್: ಒಡೆದ ಚರ್ಮಕ್ಕೆ ಹೌದು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು. ಅದು ಚರ್ಮದ ಮೇಲೆ ಪದರವಾಗಿ ಕೂತು ತೇವ ಆರದಂತೆ ತಡೆಯುತ್ತದೆ. ಪೆಟ್ರೋಲಿಯಂ ಜೆಲ್ಲಿ ಮಾಡುವುದೂ ಇದೇ ಕೆಲಸ. ಬಿಸಿಲು, ಒಣಗಾಳಿಯ ಊರಲ್ಲಿ ಜನ ಕೈಗೆ ಸಿಕ್ಕ ಬೆಣ್ಣೆಯನ್ನೇ ಹಚ್ಚಿಕೊಂಡಿದ್ದು ಜಾಣತನವೇ. ಆದರೆ ಈ ಗುಣ ಕೊಬ್ಬಿನದು, ಹುಳಿಯದ್ದಲ್ಲ.

ಸುಟ್ಟ ಜಾಗಕ್ಕೆ ಮಾತ್ರ ಬೇಡವೇ ಬೇಡ. ಬಿಸಿ ಒಳಗೇ ಉಳಿಯುತ್ತದೆ, ಸೋಂಕಿಗೂ ದಾರಿ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಐಸ್ ಕೂಡ ಬೇಡ.

ಹೊಟ್ಟೆಯ ವಿಷಯಕ್ಕೆ ಬರೋಣ. ಬೆಣ್ಣೆಯಲ್ಲಿ ಬ್ಯುಟಿರಿಕ್ ಆಮ್ಲ ಅನ್ನುವ ಕೊಬ್ಬಿನ ಅಂಶ ಇದೆ, ಕರುಳಿಗೆ ಒಳ್ಳೆಯದು ಅಂತ ಜಾಸ್ತಿ ಹೇಳುತ್ತಾರೆ. ತಿಂದ ಆಮ್ಲ ಬಹುಪಾಲು ಸಣ್ಣ ಕರುಳಿನಲ್ಲೇ ಹೀರಿಕೊಂಡು ಹೋಗುತ್ತದೆ. ದೊಡ್ಡ ಕರುಳಿಗೆ ಬೇಕಾದ್ದನ್ನು ಅಲ್ಲಿನ ಬ್ಯಾಕ್ಟೀರಿಯಾಗಳೇ ಸೊಪ್ಪು, ಕಾಳಿನ ನಾರಿನಿಂದ ಮಾಡಿಕೊಡುತ್ತವೆ. ರುಚಿಗೆ ತಿನ್ನಿ, ಮದ್ದು ಅಂತ ಸುಮ್ನೆ ಚಮಚಗಟ್ಟಲೆ ಬೇಡ.

ನನಗೆ ಭಯ ಆಗುವುದು ಹಸುಗೂಸಿನ ವಿಷಯದಲ್ಲಿ. ಕೆಲವು ಕಡೆ ಹೊಕ್ಕುಳಬಳ್ಳಿ ಕತ್ತರಿಸಿದ ಜಾಗಕ್ಕೆ ಬೆಣ್ಣೆ ಮೆತ್ತುತ್ತಾರೆ. ಕೊಟ್ಟಿಗೆಯ ಮಣ್ಣು, ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣು ಇರುತ್ತದೆ. ಅದು ಬೆಣ್ಣೆಗೆ ತಗುಲಿದ್ದರೆ ನೇರ ಹೊಕ್ಕುಳಿಗೆ ಹೋಗುತ್ತದೆ, ಮಗುವಿನ ಜೀವಕ್ಕೇ ಸಂಚಕಾರ. ಹೊಕ್ಕುಳನ್ನು ಒಣಗಿದಂತೆ, ಚೊಕ್ಕಟವಾಗಿ ಬಿಟ್ಟರೆ ಉಳಿದ ಬಳ್ಳಿ ತಾನಾಗಿ ಉದುರುತ್ತದೆ. ಗರ್ಭಿಣಿಗೆ ಧನುರ್ವಾಯು ತಡೆಯುವ ಟಿಟಿ ಅಥವಾ ಟಿಡಿ ಚುಚ್ಚುಮದ್ದು ಕೊಡುವುದೂ ಇದೇ ಕಾರಣಕ್ಕೆ.

ನೆಕ್ಕಿಸುವುದೂ ಬೇಡ. ಮೊದಲ 6 ತಿಂಗಳು ತಾಯಿ ಹಾಲು ಸಾಕು. ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಒಂದು ಥರದ ನ್ಯುಮೋನಿಯಾ ಬರುತ್ತದೆ. ಮೂಗಿಗೆ ಬಿಡುವುದಂತೂ ಇನ್ನೂ ಅಪಾಯ.

ಇನ್ನೊಬ್ಬರು: ಸರ್, ಹುಳಿ ಇದ್ದರೆ ರೋಗಾಣು ಸಾಯುತ್ತವೆ ಅಲ್ವಾ? ಕಾಯಿಸಿ ಹಚ್ಚಿದರೆ?

ಡಾಕ್ಟರ್: ಹುಳಿ ಮತ್ತು ಉಪ್ಪು ಕೆಲವು ರೋಗಾಣುಗಳನ್ನು ತಡೆಯುತ್ತವೆ, ಎಲ್ಲವನ್ನೂ ಅಲ್ಲ. ಹಸಿ ಹಾಲಿನ ಬೆಣ್ಣೆಯಿಂದ ಬ್ರುಸೆಲ್ಲೋಸಿಸ್ ಅನ್ನುವ ಸೋಂಕು ರೋಗ ಬರಬಹುದು. ಬಿಟ್ಟು ಬಿಟ್ಟು ಜ್ವರ, ಮೈಕೈ ನೋವು, ರಾತ್ರಿ ಬೆವರು ವಾರಗಟ್ಟಲೆ ಕಾಡುತ್ತದೆ. ಚೆನ್ನಾಗಿ ಕಾಯಿಸಿದರೆ ಅದರ ರೋಗಾಣು ಸಾಯುತ್ತದೆ. ಜೊತೆಗೆ ನೀವು ಒಳ್ಳೆಯದು ಅಂತ ನಂಬಿದ ಹುಳಿ ಬ್ಯಾಕ್ಟೀರಿಯಾಗಳೂ ಸಾಯುತ್ತವೆ! ಧನುರ್ವಾಯುವಿನ ಬೀಜಾಣು ಮಾತ್ರ ಮನೆಯಲ್ಲಿ ಕಾಯಿಸಿದ್ದಕ್ಕೆಲ್ಲ ಜಗ್ಗುವುದಿಲ್ಲ. ಹಾಗಾಗಿ ತೆರೆದ ಗಾಯಕ್ಕೆ, ಹೊಕ್ಕುಳಿಗೆ ಕಾಯಿಸಿದ್ದೂ ಬೇಡ. ತುಟಿ, ಹಿಮ್ಮಡಿ ಸ್ವಲ್ಪ ಒರಟಾಗಿದ್ದರೆ ಧಾರಾಳವಾಗಿ ಹಚ್ಚಿ. ರಕ್ತ ಜಿನುಗುವಷ್ಟು ಬಿರಿದಿದ್ದರೆ ತೋರಿಸಿಕೊಳ್ಳಿ.