ಕೊಡೈಕೆನಾಲ್ ಅಣಬೆ ವಿಷಯಕ್ಕೆ ನನ್ನದೊಂದು ಉತ್ತರ

ಶಶಾಂಕ, ನೀನು ಹಾಕಿದ ರೀಲ್ಸ್ ನೋಡಿದೆ. ಕೊಡೈಕೆನಾಲ್‌ನ ಮ್ಯಾಜಿಕ್ ಮಶ್ರೂಮ್ (ತಿಂದರೆ ಭ್ರಮೆ ಹುಟ್ಟಿಸುವ ಅಣಬೆ) ನ್ಯಾಚುರಲ್, ಏನೂ ಆಗಲ್ಲ, ಕೋರ್ಟೇ ಬಿಟ್ಟಿದೆ ಅಂತ ಅದರಲ್ಲಿ ಹೇಳುತ್ತಾರೆ, ನಿಜಾನಾ ಅಂತ ಕೇಳಿದ್ದೀಯ. ಅತ್ತಿಗೆ ಕೆಳಗೆ ‘ಅದು ವಿಷ, ತಿಂದರೆ ಪ್ರಾಣ ಹೋಗುತ್ತೆ’ ಅಂತ ಹಾಕಿದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಸ್ವಲ್ಪ ಉದ್ದ ಆಗುತ್ತೆ, ಕೇಳು.

ಜನ ಆ ಹೆಸರಲ್ಲಿ ಹೆಚ್ಚಾಗಿ ಹೇಳುವುದು ಸೈಲೊಸೈಬಿ ಕ್ಯೂಬೆನ್ಸಿಸ್ ಅನ್ನುವ ಅಣಬೆಯನ್ನು. 1906ರಲ್ಲಿ ಕ್ಯೂಬಾದಲ್ಲಿ ಸಿಕ್ಕಿದ್ದನ್ನು ಅರ್ಲ್ ಅನ್ನುವ ವಿಜ್ಞಾನಿ ದಾಖಲಿಸಿದರು, ಹೆಸರು ಅಲ್ಲಿಂದ ಬಂತು. ಬಿಸಿಲ ನಾಡುಗಳಲ್ಲಿ ಮಳೆ ಬಿದ್ದ ಮೇಲೆ ದನ, ಎಮ್ಮೆ ಸೆಗಣಿಯಲ್ಲಿ ಏಳುತ್ತೆ. ಹೊಂಬಣ್ಣದ ಟೋಪಿ, ಕಾಲಿಗೊಂದು ತೆಳ್ಳನೆಯ ಬಳೆ. ಕಾಲನ್ನು ಬೆರಳಲ್ಲಿ ಹಿಸುಕಿದರೆ ಆ ಜಾಗ ನೀಲಿಗಟ್ಟುತ್ತೆ. ‘ನೀಲಿ ಆದರೆ ಅದೇ ಅಣಬೆ’ ಅಂತ ರೀಲ್ಸ್‌ನವನು ಹೇಳೋದು ಮಾತ್ರ ಸುಮ್ನೆ ಬುರುಡೆ. ನೀಲಿಯಾಗುವ ಬೇರೆ ಅಣಬೆಗಳೂ ಬೇಕಾದಷ್ಟಿವೆ.

ಮೆಕ್ಸಿಕೋದ ಮಜಾಟೆಕ್ ಜನ ಇಂಥ ಅಣಬೆಗಳನ್ನು ರಾತ್ರಿ ಪೂಜೆಯಲ್ಲಿ, ಕಾಯಿಲೆ ವಾಸಿಯಾಗಲಿ ಅಂತ ತಿನ್ನುತ್ತಿದ್ದರು. ಅದನ್ನು ನಡೆಸಿಕೊಡಲು ಮರಿಯಾ ಸಬಿನಾ ಥರದ ಹಿರಿಯರು ಪಕ್ಕದಲ್ಲೇ ಕೂತಿರುತ್ತಿದ್ದರು. ಸೆಗಣಿಯಲ್ಲಿ ಬೆಳೆಯೋ ಈ ಜಾತಿಗೆ ಅವರು ಸ್ಪೇನ್‌ನ ರೈತರ ಸಂತ ಸ್ಯಾನ್ ಇಸಿದ್ರೋ ಹೆಸರಿಟ್ಟಿದ್ದಾರೆ. ಆ ಕಡೆಗೆ ದನ ಬಂದಿದ್ದೇ ಸ್ಪೇನ್‌ನವರ ಜೊತೆ, ಹಾಗಾಗಿ ಹೆಸರು ಚೆನ್ನಾಗೇ ಹೊಂದುತ್ತೆ. ಅಣಬೆಯೊಳಗೆ ಭ್ರಮೆ ಹುಟ್ಟಿಸುವ ವಸ್ತು ಸೈಲೊಸೈಬಿನ್. ಅದನ್ನು ಆಲ್ಬರ್ಟ್ ಹಾಫ್‌ಮನ್ ಅನ್ನುವ ರಸಾಯನ ವಿಜ್ಞಾನಿ ಇದರದೇ ಕುಲದ ಇನ್ನೊಂದು ಅಣಬೆಯಿಂದ ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಹೊಟ್ಟೆಗೆ ಹೋದ ಮೇಲೆ ಅದು ಸೈಲೊಸಿನ್ ಆಗಿ, ಮಿದುಳಲ್ಲಿ ಸೆರೊಟೋನಿನ್ (ನರಗಳ ನಡುವೆ ಸುದ್ದಿ ಸಾಗಿಸುವ ರಾಸಾಯನಿಕ) ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತೆ. ನಾಲ್ಕಾರು ಗಂಟೆ ನೋಟ, ಸಮಯ, ನಾನು ಅನ್ನೋದು ಎಲ್ಲ ಕಲಸಿಹೋಗುತ್ತೆ.

ಇದರಿಂದ ಲಿವರ್ ಕೆಡಲ್ಲ, ಅತ್ತಿಗೆ. ಆದರೆ ಸೈಲೊಸೈಬಿನ್ ಒಂದು ಅಣಬೆಯಲ್ಲಿರುವಷ್ಟೇ ಪಕ್ಕದ್ದರಲ್ಲೂ ಇರುತ್ತೆ ಅನ್ನೋ ಹಾಗಿಲ್ಲ, ಎಷ್ಟೋ ಪಟ್ಟು ಹೆಚ್ಚುಕಮ್ಮಿ ಇರುತ್ತೆ. ಯಾರೋ ಆಮ್ಲೆಟ್‌ಗೆ ಹಾಕಿಕೊಟ್ಟರೆ ಅಳತೆ ಯಾರಿಗೆ ಗೊತ್ತು? ಭಯ ಹತ್ತಿಬಿಟ್ಟರೆ ಕೊಡೈನಂಥ ಪ್ರಪಾತದ ಊರಲ್ಲಿ ಓಡೋದು ಎಲ್ಲಿಗೆ? ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಥರದ ಕಾಯಿಲೆ ಇದ್ದರಂತೂ ಹತ್ತಿರವೂ ಹೋಗಬಾರದು.

ಕೋರ್ಟ್ ಮಾತು ಬೇರೆ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಕೇಸಲ್ಲಿ ಹೇಳಿದ್ದರ ಸಾರ ಇದು: ಎಷ್ಟು ಮಾದಕ ವಸ್ತು ಸಿಕ್ಕಿತು ಅಂತ ಲೆಕ್ಕ ಹಾಕುವಾಗ ಅಣಬೆಯ ಪೂರ್ತಿ ತೂಕ ಹಿಡಿಯಬೇಡಿ, ಒಳಗಿನ ಸೈಲೊಸೈಬಿನ್ ಎಷ್ಟಿದೆ ಅಂತ ನೋಡಿ. 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತು ತಡೆಯುವ ಕಾಯ್ದೆಯ, ಪಟ್ಟಿಯಲ್ಲಿ ಸೈಲೊಸೈಬಿನ್ ಇದೆ. ಸಿಕ್ಕಿಬಿದ್ದರೆ ಕೇಸೇ.

ಅತ್ತಿಗೆ ಹೇಳಿದ ವಿಷ ಇರೋದು ಬೇರೆ ಅಣಬೆಗಳಲ್ಲಿ, ಗುರುತು ತಪ್ಪಿ ತಿನ್ನೋದು ಅವನ್ನೇ. ಅಮಟಾಕ್ಸಿನ್ ಅನ್ನುವ ವಿಷ ಇರುವ ಅಣಬೆ ತಿಂದವರಿಗೆ ಆರು ಗಂಟೆ ಕಳೆದ ಮೇಲೆ ವಾಂತಿ, ಭೇದಿ ಶುರುವಾಗುತ್ತೆ. ನಡುವೆ ವಾಸಿಯಾದ ಹಾಗೆ ಕಾಣುತ್ತೆ, ಆಮೇಲೆ ಲಿವರ್ ಹೋಗುತ್ತೆ. ನಿಮ್ಮ ಗುಂಪಲ್ಲಿ ಯಾರಾದರೂ ಏನಾದರೂ ತಿಂದಿದ್ದರೆ, ಆರಾಮಾಗಿದ್ದೀನಿ ಅಂದರೂ ಬಿಡಬೇಡ. ಉಳಿದ ಚೂರು ಕವರಲ್ಲಿ ಹಾಕ್ಕೊಂಡು ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗು. ಡಾಕ್ಟರ್ ಹತ್ತಿರ ಏನೂ ಮುಚ್ಚಿಡಬೇಡ.