ಪೇಟೆ ರೂಟಿಗೂ ಗುಡ್ಡೆ ರೂಟಿಗೂ ಒಂದೇ ರೇಟು, ಇದು ಎಲ್ಲ ಹಬ್‌ನಲ್ಲೂ ಹೀಗೆಯಾ?

ಗುಡ್ಡೆರೂಟ್:

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಹಬ್‌ನಲ್ಲಿ ಬೈಕಿನಲ್ಲಿ ಪಾರ್ಸೆಲ್ ಹಂಚುವ ಕೆಲಸ ನನ್ನದು. ಹಬ್ ಅಂದರೆ ಪಾರ್ಸೆಲ್ ಬಂದು ಇಳಿಯುವ ಗೋಡೌನ್. ಕಂಪೆನಿ ಹೆಸರು ಬೇಡ. ಹಣ ಕೊಡುವುದೂ ಕಂಪೆನಿಯಲ್ಲ, ನಡುವೆ ಒಬ್ಬ ಕಂಟ್ರಾಕ್ಟರ್ ಇದ್ದಾರೆ. ಒಂದು ಪಾರ್ಸೆಲ್ ಕೊಟ್ಟರೆ 14 ರೂಪಾಯಿ. ಬೈಕ್ ನಮ್ಮದೇ, ಪೆಟ್ರೋಲೂ ನಮ್ಮದೇ.

ನನಗೆ ಕೊಟ್ಟಿರುವುದು ಪೆರ್ಲ, ಸ್ವರ್ಗ, ವಾಣೀನಗರ ಕಡೆಯ ರೂಟ್. ಹೆಚ್ಚೆಂದರೆ 55 ಪಾರ್ಸೆಲ್, ಓಡುವುದು ಹತ್ತಿರ ಹತ್ತಿರ 95 ಕಿಲೋಮೀಟರ್. ಬದಿಯಡ್ಕ ಪೇಟೆ, ನೀರ್ಚಾಲು ಮಾಡುವವರಿಗೆ 90 ಪಾರ್ಸೆಲ್ ಸಿಗುತ್ತದೆ, 35 ಕಿಲೋಮೀಟರಿನಲ್ಲಿ ಮುಗಿಯುತ್ತದೆ. ರೇಟು ಮಾತ್ರ ಒಂದೇ. ಅದರ ಮೇಲೆ ಟೀಮ್ ಲೀಡರ್ ಎಲ್ಲರೆದುರು ಹೇಳುವುದು, ನೋಡಿ ಅವನು 90 ಮಾಡುತ್ತಾನೆ, ನಿಮಗೆ 55ಕ್ಕೇ ಸಂಜೆಯಾಗುತ್ತದೆ ಅಂತ.

ಗುಡ್ಡೆಯ ಮನೆ ಅಂದರೆ ಗೊತ್ತಲ್ವಾ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ತೋಟದೊಳಗೆ ಇಳಿಯಬೇಕು. ಅಡ್ರೆಸ್ಸಿನಲ್ಲಿ ಮನೆ ಹೆಸರು ಮತ್ತು ‘ಪೋಸ್ಟ್ ಪೆರ್ಲ’ ಅಷ್ಟೇ ಇರುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ಒಟಿಪಿ ಬರುವುದಿಲ್ಲ, ಯಾಕೆಂದರೆ ನೆಟ್‌ವರ್ಕೇ ಇಲ್ಲ. ಮನೆಯವರು ಅಂಗಳದ ಮೂಲೆಗೆ ಹೋಗಿ ಫೋನ್ ಎತ್ತಿ ಹಿಡಿದು ನಿಲ್ಲುತ್ತಾರೆ. ಮಳೆಗಾಲದಲ್ಲಿ ಇದೆಲ್ಲ ಎರಡು ಪಾಲು. ಬಾಗಿಲು ಹಾಕಿತ್ತು ಅಂತ ಪಾರ್ಸೆಲ್ ವಾಪಸ್ ಬಂದರೆ ನಯಾಪೈಸೆ ಇಲ್ಲ, ಮರುದಿನ ಅದೇ ಗುಡ್ಡೆ ಪುನಃ ಹತ್ತಬೇಕು.

ರೂಟ್ ಬದಲಿಸಿ ಎಂದು ಕೇಳಿದರೆ "ನಿಮಗೆ ಆ ಕಡೆಯ ಮನೆಗಳು ಗೊತ್ತು, ಬೇರೆಯವರಿಗೆ ಗೊತ್ತಿಲ್ಲ" ಎನ್ನುತ್ತಾರೆ. ಗೊತ್ತಿದ್ದದ್ದೇ ತಪ್ಪಾಯಿತಾ? ಬೇರೆ ಕಡೆ ರೂಟ್ ಹೇಗೆ ಹಂಚುತ್ತಾರೆ? ತಿಂಗಳಿಗೊಮ್ಮೆ ಸುತ್ತು ಬದಲಿಸುತ್ತಾರಾ, ಅಥವಾ ದೂರಕ್ಕೆ ಬೇರೆ ರೇಟು ಉಂಟಾ? ಹೋಗಿ ಮಾತಾಡುವ ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು ಎಂದು ಕೇಳುತ್ತಿದ್ದೇನೆ.

ಪೇಟೆಬೈಕ್:

ಅಣ್ಣಾ, ನಾನು ಕಾಸರಗೋಡು ಪೇಟೆಯಲ್ಲಿ ಮಾಡುವವನು. ವಿದ್ಯಾನಗರ, ನುಳ್ಳಿಪ್ಪಾಡಿ, ಹಳೆ ಬಸ್ ಸ್ಟ್ಯಾಂಡ್ ಆಸುಪಾಸು. ಬೇಜಾರು ಮಾಡಬೇಡಿ, ಆದರೆ ಪೇಟೆ ರೂಟ್ ಅಂದರೆ ಸುಮ್ನೆ ಹೋಗಿ ಕೊಟ್ಟು ಬರುವುದು ಅಂತ ಗುಡ್ಡೆಯವರೆಲ್ಲ ತಿಳಿದುಕೊಂಡ ಹಾಗಿದೆ.

ಹೆದ್ದಾರಿ 66 ಆರು ಪಥ ಆದ ಮೇಲೆ ಎದುರು ಬದಿಯ ಅಂಗಡಿ ಕಣ್ಣಿಗೆ ಕಾಣುತ್ತದೆ, ಹೋಗಲಿಕ್ಕೆ ಆಗುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ ಅಂಡರ್‌ಪಾಸ್ ಹುಡುಕಿ ಹಿಂದೆ ಬರಬೇಕು. ಮ್ಯಾಪಿನಲ್ಲಿ 100 ಮೀಟರ್ ಎಂದು ತೋರಿಸುತ್ತದೆ. ಫ್ಲ್ಯಾಟ್‌ಗಳಲ್ಲಿ ಲಿಫ್ಟ್ ಕೆಟ್ಟಿದ್ದರೆ ನಾಲ್ಕನೇ ಮಹಡಿಗೆ ಅಕ್ಕಿ ಚೀಲ ಹೊತ್ತುಕೊಂಡು ಹೋಗುವುದು ಯಾರು? ಬೈಕ್ ನಿಲ್ಲಿಸಿದಲ್ಲಿ ಪೊಲೀಸ್ ಫೋಟೋ ತೆಗೆದರೆ ಆ ದಂಡವೂ ನನ್ನದೇ. ಸಂಜೆ ಸಿಒಡಿ ಹಣ, ಅಂದರೆ ಪಾರ್ಸೆಲ್ ಕೊಡುವಾಗ ಗಿರಾಕಿಯಿಂದ ಪಡೆದ ನಗದು, ಎಣಿಸುವಾಗ ಒಂದು ನೂರರ ನೋಟು ಕಡಿಮೆ ಬಂದರೆ ಆ ದಿನದ ಏಳೆಂಟು ಪಾರ್ಸೆಲ್ ಧರ್ಮಕ್ಕೆ ಕೊಟ್ಟ ಹಾಗೆ.

ನಿಮಗೆ ಕಷ್ಟ ಇಲ್ಲ ಎಂದು ಹೇಳುತ್ತಿಲ್ಲ. ಆದರೆ ಗುಡ್ಡೆಗೆ ಜಾಸ್ತಿ ಕೊಡಬೇಕು ಎಂದು ಹೇಳಿದ ಕೂಡಲೇ ಕಂಟ್ರಾಕ್ಟರ್ ಮಾಡುವುದು ಒಂದೇ, ಪೇಟೆಯವರಿಂದ ಕತ್ತರಿಸಿ ಅಲ್ಲಿಗೆ ಕೊಡುವುದು. ಅದಕ್ಕೆ ನಾನು ಒಪ್ಪುವುದಿಲ್ಲ, ನೋಡಿ.

ಹಬ್ಬಿನಲ್ಲಿದ್ದವ:

ನಾನು ಮಂಜೇಶ್ವರ ಕಡೆ ಒಂದು ಹಬ್‌ನಲ್ಲಿ ರೂಟ್ ಹಂಚುವ ಕೆಲಸದಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಒಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ.

ಬೆಳಿಗ್ಗೆ ಲೋಡ್ ಬಂದಾಗ ಅದನ್ನು ಮೊದಲು ಪಿನ್‌ಕೋಡ್ ಪ್ರಕಾರ ಬೇರೆ ಮಾಡುತ್ತಾರೆ. ಗೋಳು ಶುರುವಾಗುವುದೇ ಇಲ್ಲಿ. ಪಿನ್‌ಕೋಡ್ 1972ರಲ್ಲಿ ಅಂಚೆ ಇಲಾಖೆ ತನ್ನ ಕಾಗದಪತ್ರ ವಿಂಗಡಿಸಲಿಕ್ಕೆ ಮಾಡಿಕೊಂಡದ್ದು. ಒಂದೇ ಪಿನ್‌ನ ಅಡಿಯಲ್ಲಿ ಹಲವು ಬ್ರಾಂಚ್ ಪೋಸ್ಟ್ ಆಫೀಸುಗಳು ಇರುತ್ತವೆ, ಅಲ್ಲಲ್ಲಿಗೆ ಅವರವರ ಅಂಚೆಯವರು. ಕೊರಿಯರ್‌ನವರು ಪಿನ್ ಮಾತ್ರ ತೆಗೆದುಕೊಂಡರು. ಅಷ್ಟು ಊರಿಗೂ ಒಬ್ಬ ಬೈಕಿನವನನ್ನು ಇಟ್ಟು ‘ಒಂದು ರೂಟ್’ ಎಂದು ಹೆಸರಿಟ್ಟರು.

ಸ್ಕ್ರೀನಿನಲ್ಲಿ ಟೀಮ್ ಲೀಡರ್‌ಗೆ ಕಾಣುವುದು ಮುಖ್ಯವಾಗಿ ಎಷ್ಟು ಕೊಟ್ಟೆವು, ಎಷ್ಟು ವಾಪಸ್ ಬಂತು ಎಂಬುದು. ನಮ್ಮಲ್ಲಂತೂ ಓಡಿದ ಕಿಲೋಮೀಟರನ್ನು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ 90 ಅಂದರೆ ಹುಷಾರು, 55 ಅಂದರೆ ಉದಾಸೀನ. ಲೀಡರ್ ಕೆಟ್ಟವನಾಗಬೇಕೆಂದೇನೂ ಇಲ್ಲ, ಅವನಿಗೂ ಮೇಲಿನಿಂದ ಅದೇ ಎರಡು ಅಂಕೆ ಕೇಳುತ್ತಾರೆ. ಬೇಕಾದವರಿಗೆ ಒಳ್ಳೆ ರೂಟ್ ಕೊಡುವುದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಅದೂ ಉಂಟು.

ಈಗ ನಿಮ್ಮ ಲೆಕ್ಕ ನೋಡುವ. ಬೈಕ್ ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ, ಪೆಟ್ರೋಲ್ 106 ರೂಪಾಯಿ ಎಂದು ಇಟ್ಟುಕೊಳ್ಳಿ. ಪೇಟೆಯವರಿಗೆ 90 ಪಾರ್ಸೆಲ್, 1260 ರೂಪಾಯಿ, ಪೆಟ್ರೋಲಿಗೆ 82 ಹೋದರೆ 1178 ಉಳಿಯಿತು. ನಿಮಗೆ 55 ಪಾರ್ಸೆಲ್, 770 ರೂಪಾಯಿ, ಪೆಟ್ರೋಲಿಗೇ 224 ಹೋಗಿ 546 ಉಳಿಯಿತು. ಅರ್ಧಕ್ಕಿಂತಲೂ ಕಡಿಮೆ. ಟಯರ್, ಚೈನ್, ಬ್ರೇಕ್ ನಾನು ಹಿಡಿಯಲೇ ಇಲ್ಲ, ಆ ರಸ್ತೆಗಳಲ್ಲಿ ಅದೇ ದೊಡ್ಡ ಖರ್ಚು.

ಪೇಟೆಗೆ 11, ಗುಡ್ಡೆಗೆ 19 ಮಾಡಿದರೆ ಕಂಟ್ರಾಕ್ಟರ್ ಕೈಯಿಂದ ಹೋಗುವ ಮೊತ್ತ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, 2030 ಇದ್ದದ್ದು 2035. ಇಬ್ಬರಿಗೂ ಉಳಿಯುವುದು ಹತ್ತಿರ ಹತ್ತಿರ ಆಗುತ್ತದೆ. ಪೇಟೆಬೈಕ್‌ನವರು ಹೆದರುವುದು ಇದಕ್ಕೇ, ಮತ್ತು ಅವರು ಹೆದರುವುದು ಸರಿ. ಕಂಟ್ರಾಕ್ಟರ್‌ಗೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ದೂರದ ಊರಿಗೆ ಪಾರ್ಸೆಲ್ ಕಳಿಸಿದರೆ ಎಷ್ಟೋ ಕೊರಿಯರ್ ಕಂಪೆನಿಗಳು ಕಳಿಸುವವರಿಂದ ‘ಓಡಿಎ’ (ಔಟ್ ಆಫ್ ಡೆಲಿವರಿ ಏರಿಯಾ) ಎಂದು ಹೆಚ್ಚುವರಿ ಚಾರ್ಜ್ ವಸೂಲು ಮಾಡುತ್ತವೆ. ನಿಮ್ಮ ಪಿನ್‌ಗೆ ಅದು ಉಂಟಾ? ಇದ್ದರೆ ಆ ದೂರದ ಹಣ ಎಲ್ಲಿ ನಿಲ್ಲುತ್ತದೆ, ಕಂಪೆನಿಯಲ್ಲಾ, ಕಂಟ್ರಾಕ್ಟರ್ ಹತ್ತಿರವಾ? ಗುಡ್ಡೆ ಹತ್ತುವವನ ಕೈಗಂತೂ ಬರುತ್ತಿಲ್ಲ. ಪೇಟೆಯವರೂ ಗುಡ್ಡೆಯವರೂ ಒಟ್ಟಿಗೆ ಹೋಗಿ ಇದನ್ನು ಕೇಳಿ. ನಿನ್ನ ರೂಟ್ ನನಗೆ ಕೊಡು, ನನ್ನದು ನಿನಗೆ ಕೊಡುತ್ತೇನೆ ಎಂದು ನಿಮ್ಮೊಳಗೇ ಜಗಳ ಮಾಡಿಕೊಂಡರೆ ಅವರಿಗೆ ಅನುಕೂಲ.

ಸುತ್ತು ಬದಲಿಸುವುದರ ಬಗ್ಗೆ ಒಂದು ಮಾತು. ವಾರಕ್ಕೊಮ್ಮೆ ಬದಲಿಸಿದರೆ ಹಾಳು. ಗುಡ್ಡೆಯಲ್ಲಿ ಮನೆ ಗೊತ್ತಿಲ್ಲದವನು ಅರ್ಧ ದಿನ ಫೋನ್ ಮಾಡುವುದರಲ್ಲೇ ಕಳೆಯುತ್ತಾನೆ, ವಾಪಸ್ ಜಾಸ್ತಿಯಾಗುತ್ತದೆ, ಬೈಗುಳ ಅವನಿಗೇ. ಮನೆ ಗೊತ್ತಿರುವುದು ಒಂದು ಕೆಲಸ, ಅದಕ್ಕೆ ಹಣ ಕೊಡಿ ಎಂದು ಕೇಳುವುದೇ ಒಳ್ಳೆಯದು.

ತೋಟದಮನೆ:

ಎಣ್ಮಕಜೆಯಿಂದ ಬರೆಯುತ್ತಿದ್ದೇನೆ, ಗಿರಾಕಿಯ ಕಡೆಯಿಂದ. ನಮ್ಮ ಮನೆಗೆ ಮೊದಲು ಬರುತ್ತಿದ್ದ ಹುಡುಗ ಹಿಂದಿನ ಸಂಜೆಯೇ ವಾಟ್ಸಾಪಿನಲ್ಲಿ ಕೇಳುತ್ತಿದ್ದ, ಅಕ್ಕಾ ನಾಳೆ ಮನೆಯಲ್ಲಿ ಇದ್ದೀರಾ ಅಂತ. ಇಲ್ಲದಿದ್ದರೆ ಪೆರ್ಲದ ಅಂಗಡಿಯಲ್ಲಿ ಇಡು ಎಂದು ಹೇಳುತ್ತಿದ್ದೆ. ಈಗಿನವರು ಬರುವುದೇ ಇಲ್ಲ, ‘ಗಿರಾಕಿ ಸಿಗಲಿಲ್ಲ’ ಎಂದು ಮೆಸೇಜ್ ಬರುತ್ತದೆ, ನಾನು ಜಗಲಿಯಲ್ಲೇ ಕೂತಿರುತ್ತೇನೆ. ಸಿಟ್ಟು ಬರುತ್ತಿತ್ತು. 14 ರೂಪಾಯಿಗೆ ಯಾರು ತಾನೇ ಇಲ್ಲಿಯವರೆಗೆ ಇಳಿದು ಬಂದಾರು ಎಂದು ಇದನ್ನು ಓದಿದ ಮೇಲೆ ಅನಿಸಿತು. ಆದರೂ ಸುಳ್ಳು ಮೆಸೇಜ್ ಮಾತ್ರ ಹಾಕಬೇಡಿ ಮಾರಾಯ್ರೆ, ಬರುವುದಿಲ್ಲ ಎಂದಾದರೂ ಹೇಳಿ.

ಹಳೆಅಂಚೆ:

ನಾನು ಅಂಚೆಯಲ್ಲಿ ಇದ್ದು ನಿವೃತ್ತನಾದವನು. ಮೇಲಿನವರು ಪಿನ್ ಬಗ್ಗೆ ಹೇಳಿದ್ದು ಸರಿ. ನಮ್ಮಲ್ಲಿ ಗ್ರಾಮೀಣ ಡಾಕ್ ಸೇವಕರಿಗೆ, ಅಂದರೆ ಹಳ್ಳಿಯ ಅಂಚೆಯವರಿಗೆ, ಕೊಡುವುದು ಕಾಗದಕ್ಕೆ ಇಷ್ಟು ಎಂದಲ್ಲ, ಕೆಲಸದ ಹೊತ್ತಿಗೆ. 2018ರಲ್ಲಿ ನಾಲ್ಕು ಗಂಟೆ, ಐದು ಗಂಟೆ ಎಂದು ಎರಡು ದರ್ಜೆ ಮಾಡಿದರು, ಡಾಕ್ ಸೇವಕರಿಗೆ ಆಗ ತಿಂಗಳಿಗೆ 10,000 ಮತ್ತು 12,000 ರೂಪಾಯಿಯಿಂದ ಶುರು. ಬೀಟ್, ಅಂದರೆ ಅಂಚೆ ಹಂಚುವ ಸುತ್ತು, ಎಷ್ಟು ದೂರ ಎಂಬುದೂ ಆ ಹೊತ್ತಿನ ಲೆಕ್ಕದೊಳಗೆ ಬರುತ್ತದೆ. ಹಣ ಸಾಲದು ಎಂಬ ದೂರು ಅವರಿಗೂ ಉಂಟು, ಅದು ಬೇರೆ ಮಾತು. ಆದರೆ ಮೂರೇ ಕಾಗದ ಇದ್ದರೂ ಬೀಟ್ ನಡೆದದ್ದು ನಡೆದದ್ದೇ. ಕೊರಿಯರ್‌ನಲ್ಲಿ ಈ ಲೆಕ್ಕವೇ ಇಲ್ಲ.

ಕಂಟ್ರಾಕ್ಟರ್ ಹತ್ತಿರ ಹೋಗುವಾಗ ಬಾಯಿಮಾತು ಬೇಡ. ಹಬ್ ಬಿಡುವಾಗ ಒಮ್ಮೆ, ಬಂದಾಗ ಒಮ್ಮೆ ಮೀಟರಿನ ಫೋಟೋ ತೆಗೆದಿಡಿ. ಪಾರ್ಸೆಲ್ ಬೇರೆ, ನಿಂತ ಜಾಗ ಬೇರೆ ಬರೆಯಿರಿ. ಒಂದೇ ಅಂಗಡಿಗೆ ಐದು ಪಾರ್ಸೆಲ್ ಕೊಟ್ಟರೆ ಅದು ಒಂದೇ ಸಲ ನಿಂತದ್ದು. ಪೇಟೆಯವರೂ ಹೀಗೆಯೇ ಬರೆಯಲಿ, ಮಹಡಿ ಹತ್ತಿದ್ದನ್ನೂ ಸೇರಿಸಿ.

ಗಡಿಯವ:

ಕಾನೂನಿನ ವಿಷಯ ಯಾರೂ ಹೇಳಲಿಲ್ಲವಲ್ಲ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರ, ಕಾಯ್ದೆ ಬಂತು. ಕೆಲಸದಿಂದ ತೆಗೆಯುವುದಾದರೆ 14 ದಿನ ಮೊದಲು ಕಾರಣ ಹೇಳಬೇಕು, ಕೆಲಸ ಹಂಚುವ ಆ್ಯಪ್ ಯಾವ ಲೆಕ್ಕದಲ್ಲಿ ಹಂಚುತ್ತದೆ ಎಂದು ಕೇಳಿದರೆ ತಿಳಿಸಬೇಕು ಎಂದೆಲ್ಲ ಅದರಲ್ಲಿದೆ. ಆದರೆ ಅದು ತಲಪಾಡಿ ಗಡಿಯ ಆಚೆಗೆ, ನಾವಿರುವುದು ಕೇರಳದಲ್ಲಿ. ನಾವು ಆಚೆ ಹೋಗಿ ಕಡಿಮೆಗೆ ಪೆಟ್ರೋಲ್ ಹಾಕಿಸಿಕೊಂಡು ಬರಬಹುದು, ಕಾಯ್ದೆ ತರಲಿಕ್ಕೆ ಆಗುವುದಿಲ್ಲ.

ನಮಗೂ ಅನ್ವಯಿಸುವುದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲಿ ಆ್ಯಪ್ ಮೂಲಕ ಕೆಲಸ ಮಾಡಿಸುವ ಕಂಪೆನಿಗಳು ವಹಿವಾಟಿನ ಶೇಕಡಾ 1ರಿಂದ 2ರಷ್ಟು ಕೆಲಸಗಾರರ ನಿಧಿಗೆ ಹಾಕಬೇಕು. ಅದು ವಿಮೆ, ಆರೋಗ್ಯದಂಥ ವಿಷಯಕ್ಕೆ, ರೂಟ್ ಹಂಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲಸಗಾರರ ನೋಂದಣಿಗೆಂದು ಕೇಂದ್ರ ಮಾಡಿದ ಇ-ಶ್ರಮ್‌ನಲ್ಲಿ ಹೆಸರು ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಕಂಟ್ರಾಕ್ಟರ್ ಕೇಳದಿದ್ದರೆ ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ ಜಿಲ್ಲಾ ಕಾರ್ಮಿಕ ಕಚೇರಿ ಉಂಟು. ಮಲಯಾಳದಲ್ಲೇ ಬರೆಯಬೇಕು ಎಂದು ಯಾರಾದರೂ ಹೇಳಿದರೆ ಹೆದರಬೇಡಿ, 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು.

ಪೇಟೆಬೈಕ್:

ಓಡಿಎ ವಿಷಯ ನನಗೆ ಗೊತ್ತೇ ಇರಲಿಲ್ಲ. ಪೇಟೆಯ ರೇಟಿಗೆ ಕೈ ಹಾಕದೆ ಅದನ್ನು ಕೇಳುವುದಾದರೆ ನಾನೂ ಬರುತ್ತೇನೆ, ನಮ್ಮ ಕಂಟ್ರಾಕ್ಟರ್ ಬೇರೆಯಾದರೂ ಕೇಳುವ ಮಾತು ಒಂದೇ ಅಲ್ವಾ. ವಾಪಸ್ ಬಂದ ಪಾರ್ಸೆಲ್‌ಗೆ ಅರ್ಧ ರೇಟು ಕೊಡಿ ಎಂದು ಅದರೊಟ್ಟಿಗೆ ಸೇರಿಸಿ. ಅದು ಇಬ್ಬರಿಗೂ ಬೇಕು.

ಗುಡ್ಡೆರೂಟ್:

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಪೇಟೆ ರೂಟಿನವನ ಹತ್ತಿರ ಮಾತಾಡಿದೆ, ಅವನೂ ಮೀಟರ್ ಫೋಟೋ ತೆಗೆಯಲಿಕ್ಕೆ ಒಪ್ಪಿದ್ದಾನೆ. ಅರ್ಧ ರೇಟಿನ ಮಾತು ಪಟ್ಟಿಯಲ್ಲಿ ಮೊದಲಿಗೇ ಹಾಕುತ್ತೇನೆ. ತೋಟದಮನೆ ಅಕ್ಕನಿಗೆ, ನಿಮ್ಮ ಕಡೆ ಬರುವುದು ನಾನಲ್ಲ, ಬೇರೆ ಕಂಪೆನಿ ಇರಬೇಕು. ಹಬ್ಬಿನಲ್ಲಿದ್ದವರೇ, ಒಂದು ಕೇಳಲಿಕ್ಕೆ ಉಂಟು. ಓಡಿಎ ಪಟ್ಟಿಯಲ್ಲಿ ನಮ್ಮ ಪಿನ್ ಉಂಟಾ ಅಂತ ಕಂಟ್ರಾಕ್ಟರ್‌ಗೆ ಗೊತ್ತಾಗದ ಹಾಗೆ ನೋಡುವುದು ಹೇಗೆ?

ಹಬ್ಬಿನಲ್ಲಿದ್ದವ:

ಕಳಿಸುವವನ ಹಾಗೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಮಂಗಳೂರಿನಿಂದ ನಿಮ್ಮ ಪಿನ್‌ಗೆ ಐದು ಕಿಲೋ ಕಳಿಸಲಿಕ್ಕೆ ಎಷ್ಟು, ಎಕ್ಸ್‌ಟ್ರಾ ಚಾರ್ಜ್ ಏನಾದರೂ ಉಂಟಾ ಎಂದು ಕೇಳಿ. ಆಮೇಲೆ ಕಾಸರಗೋಡು ಪೇಟೆಯ ಪಿನ್ ಹೇಳಿ ಅದನ್ನೇ ಕೇಳಿ. ಬಿಲ್ಲಿನ ಅಂದಾಜು ಇಮೇಲಿಗೆ ಕಳಿಸಿ ಎನ್ನಿ, ಕೈಯಲ್ಲಿ ಕಾಗದ ಇದ್ದರೆ ಮಾತಾಡಲಿಕ್ಕೆ ಆಗುತ್ತದೆ.